ಬೆಳೆಯುವ ಘಟಕಕ್ಕೆ ದುಡಿಯುವ ಬಂಡವಾಳ ಕೊಡಿ

ಕರಾವಳಿಯ ನವೋದ್ಯಮಗಳಿಗೂ ರಾಜ್ಯದ ‘ಎಲಿವೇಟ್’ ಯೋಜನೆಯಲ್ಲಿ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗುತ್ತದೆ ಎಂದು ನವೋದ್ಯಮಗಳ ಬಗ್ಗೆ ನಿಮ್ಮಲ್ಲಿ ಬಂದ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಸಂತೋಷ. ಆದರೆ ಆರಂಭದ ಹಂತ ದಾಟಿ ವೇಗವಾಗಿ ಬೆಳೆಯುತ್ತಿರುವವರ ಕಷ್ಟವೇ ಬೇರೆ.

ಮಂಗಳೂರಿನ ಬೈಕಂಪಾಡಿಯಲ್ಲಿ ನಮ್ಮದು ಸಣ್ಣ ಗೇರುಬೀಜ ಕಾರ್ಖಾನೆ. ಕಳೆದ ವರ್ಷ ಬೇಡಿಕೆ ದುಪ್ಪಟ್ಟಾಯಿತು, ಅದೇ ವರ್ಷ ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರಕ್ಕೆ ಬೇಕಾದ ಕಾಸು, ಕೈಯಲ್ಲಿಲ್ಲದೆ ಒದ್ದಾಡಿದೆವು. ಊರಿನ ಕಚ್ಚಾ ಬೀಜವನ್ನು ಬೇಸಿಗೆಯ ಎರಡು ಮೂರು ತಿಂಗಳಲ್ಲೇ ನಗದು ಕೊಟ್ಟು ಕೊಂಡಿಡಬೇಕು. ತಿರುಳು ಮಾರಿದ ಹಣ ಬರುವುದು ವರ್ಷವಿಡೀ, ಕಂತುಕಂತಾಗಿ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಕಾಯ್ದೆಯಂತೆ ಸಣ್ಣ ಘಟಕಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಪಾವತಿಯಾಗಬೇಕು. ದೊಡ್ಡ ಖರೀದಿದಾರರೊಬ್ಬರು ನಾಲ್ಕು ತಿಂಗಳು ಸತಾಯಿಸಿದರು. ನಾನು ದೂರು ಕೊಡಲಿಲ್ಲ. ಕೊಟ್ಟರೆ ಮುಂದಿನ ಆರ್ಡರ್ ಎಲ್ಲಿಂದ ಬರಬೇಕು? ಸಿಪ್ಪೆ ಸುಲಿಯುವ ಹೆಂಗಸರಿಗೆ ಶನಿವಾರ ಸಂಬಳ ಕೊಡಲೇಬೇಕಲ್ಲ.

ಸಣ್ಣ ಘಟಕಗಳ ಅಡಮಾನವಿಲ್ಲದ ಸಾಲಕ್ಕೆ ಬ್ಯಾಂಕಿಗೆ ಸಿಗುವ ಕೇಂದ್ರದ ಖಾತರಿಯ ಮಿತಿ 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿಗೆ ಏರಿದೆ. ನಮ್ಮ ಬ್ಯಾಂಕಿನವರು ಮಾತ್ರ ಈಗಲೂ ಮೊದಲು ಕೇಳುವುದು ಮನೆಯ ಪತ್ರವನ್ನೇ. ಅನುದಾನ ಬೇಡ, ಸ್ವಾಮಿ. ಬೀಜದ ಹಂಗಾಮಿಗೆ ಸರಿಯಾಗಿ ಸಾಲ ಸಿಗಲಿ, ಬಾಕಿ ವಸೂಲಿಗೆ ಜಿಲ್ಲಾ ಕೈಗಾರಿಕಾ ಕೇಂದ್ರವೇ ನಮ್ಮ ಪರವಾಗಿ ನಿಲ್ಲಲಿ.