ಅಪ್ಪನ ಪದ

ಹೋದ ತಿಂಗಳು ಗಂಗಾವತಿಯಿಂದ ಕೊಪ್ಪಳಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಡ್ರೈವರ್ ಹಳೇ ಸಿನಿಮಾ ಹಾಡು ಹಾಕಿದ್ದರು. ಅದರಲ್ಲಿ ಒಂದು ಶುರುವಾಗುತ್ತಿದ್ದಂತೆ ನನ್ನ ಕೈಕಾಲು ತಣ್ಣಗಾದವು. ಅಪ್ಪನ ಹೆಣ ತಂದ ಗಾಡಿಯಲ್ಲಿ ಹಾಕಿದ್ದ ಹಾಡು ಅದು. ಅಪ್ಪನ ಮುಖ ನೆನಪಾಗಿದ್ದರೆ ಸಮಾಧಾನವಾದರೂ ಆಗುತ್ತಿತ್ತು. ನೆನಪಾಗಿದ್ದು ಗಾಡಿ ನಮ್ಮ ಓಣಿಯಲ್ಲಿ ಹಿಂದಕ್ಕೆ ಬರುವಾಗ ಪೀಂ ಪೀಂ ಅಂದ ಸದ್ದು, ಬಾಗಿಲಿನ ತಗಡು, ಬಾಡಿದ ಚೆಂಡುಹೂವಿನ ವಾಸನೆ. ಗಿಣಿಗೇರಿ ದಾಟುವ ತನಕ ಕಿಟಕಿ ಕಡೆ ಮುಖ ಮಾಡಿಯೇ ಕೂತಿದ್ದೆ.

ಆ ಹಾಡಿಗೂ ಅಪ್ಪನಿಗೂ ಏನೇನೂ ಸಂಬಂಧ ಇರಲಿಲ್ಲ. ಗಾಡಿಯವರ ಪೆನ್‌ಡ್ರೈವ್‌ನಲ್ಲಿ ಇತ್ತು, ಅವರು ಹಾಕಿದರು. ಬೇಡ ಅನ್ನುವ ಸ್ಥಿತಿಯಲ್ಲಿ ನಾವು ಇರಲಿಲ್ಲ. ಈಗ ಅದು ನನಗೆ ಅಂಟಿಕೊಂಡಿದೆ. ಎಲ್ಲಿ ಕೇಳಿದರೂ ಆ ಒಂದು ಸಂಜೆಯನ್ನಷ್ಟೇ ತಂದು ಮುಂದೆ ನಿಲ್ಲಿಸುತ್ತದೆ.

ಅಪ್ಪ ಕುಷ್ಟಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದವರು. ಮಳೆ ನಂಬಿ ಸಜ್ಜೆ, ತೊಗರಿ ಬೆಳೆಯುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಆದರೆ ಸುತ್ತಲಿನ ನಾಲ್ಕು ಹಳ್ಳಿಗೆ ಅವರು ಗೊತ್ತಿದ್ದದ್ದು ಅಲಾಯಿ ಹಬ್ಬದ, ಅಂದರೆ ಮೊಹರಂ ಹಬ್ಬದ ಪದಕ್ಕೆ. ನಮ್ಮ ಕಡೆಯವರಿಗೆ ಇದರಲ್ಲಿ ಏನೂ ಆಶ್ಚರ್ಯ ಇಲ್ಲ. ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಅಲ್ಲಿ ಯಾರು ಯಾವ ಜಾತಿ ಅಂತ ಹುಡುಕುವುದೇ ಕಷ್ಟ. ಮುಸ್ಲಿಮರ ಮನೆ ಒಂದೋ ಎರಡೋ ಇರುವ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತಾರೆ, ಬೆಂಕಿ ಹಾಕಲು ಕುಣಿ ತೋಡುತ್ತಾರೆ, ರಿವಾಯತ್ ಪದ ಹಾಡುತ್ತಾರೆ. 680ರಲ್ಲಿ ಕರ್ಬಲಾದಲ್ಲಿ ಪೈಗಂಬರರ ಮೊಮ್ಮಗ ಹುಸೇನರು ನೀರಿಲ್ಲದೆ ಬಳಲಿ, ತಮ್ಮವರ ಜೊತೆ ಮಡಿದ ಕಥೆಯನ್ನು ನಮ್ಮ ಮಂದಿ ಅಚ್ಚ ಕನ್ನಡದಲ್ಲಿ, ತಮ್ಮ ಓಣಿಯ ಹುಡುಗನೇ ಸತ್ತನೇನೋ ಅನ್ನುವಂತೆ ಅಳುತ್ತಾ ಹಾಡುತ್ತಾರೆ.

ಅಪ್ಪ ಮೇಳದ ಮುಂದಿನ ಹಾಡುಗಾರ. ಸಾಲು ಎತ್ತುವುದು ಅವರು, ತಿರುಗಿ ಹಾಡುವುದು ಉಳಿದವರು. ಹೊಸ ನುಡಿಗೆ ಹೋಗುವ ಮುಂಚೆ ಎಡಗೈಯಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಹೆಣ ಮನೆಗೆ ಬಂದಾಗ ಸಂಜೆಯಾಗಿತ್ತು. ಮಣ್ಣು ಮರುದಿನಕ್ಕೆ ಅಂತಾಯಿತು. ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ರಾತ್ರಿ ಭಜನೆಯವರು ಬಂದರು. ಹಾರ್ಮೋನಿಯಂ, ತಬಲಾ, ತಾಳ, ದಮ್ಮಡಿ. ಸಾವಿನ ಮನೆಯ ಭಜನೆ ಬಗ್ಗೆ ನನಗೆ ತುಂಬಾ ಗೌರವ ಇದೆ. ಬೆಳತನಕ ಯಾರೂ ಮಲಗದ ಹಾಗೆ, ಯಾರೂ ಒಂಟಿಯಾಗದ ಹಾಗೆ ಅದು ಕಾಯುತ್ತದೆ. ಚಹಾ, ಎಲೆ ಅಡಿಕೆ, ಮತ್ತೆ ಇನ್ನೊಂದು ತತ್ವಪದ. ಆದರೂ ಆ ರಾತ್ರಿ ನನಗೆ ಒಂದು ಹನಿ ಕಣ್ಣೀರು ಬರಲಿಲ್ಲ. ಎದೆ ಮೇಲೆ ಕಲ್ಲು ಇಟ್ಟ ಹಾಗೆ ಕೂತಿದ್ದೆ.

ಹನ್ನೆರಡು ದಾಟಿರಬೇಕು. ಅಲಾಯಿ ಮೇಳದ ಏಳೆಂಟು ಜನ ಅಂಗಳದಲ್ಲಿ ಸುಮ್ನೆ ನಿಂತಿದ್ದು ಕಾಣಿಸಿತು. ಅಲಾಯಿ ದೇವರ ಸೇವೆ ನೋಡಿಕೊಳ್ಳುವ ಮುಜಾವರರ ಮನೆಯ ಮಾಮಾನೂ ಇದ್ದರು. "ಹಾಡ್ರಿ ಮಾಮಾ" ಅಂದೆ. ಅವರು ನಮ್ಮ ಕಾಕಾನ ಮುಖ ನೋಡಿದರು.

"ಅದು ಹಬ್ಬದ ಪದ. ಹೆಣದ ಮುಂದ ಹಾಡಾಕ ಬರಂಗಿಲ್ಲ" ಅಂದರು ಕಾಕಾ.

"ಅದ್ರಾಗ ಇರೋದೂ ಸಾವಿನ ಸುದ್ದೀನ ಅಲ್ಲೇನು ಕಾಕಾ?"

ಕಾಕಾ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಎಲೆ ಅಡಿಕೆ ತಟ್ಟೆಯನ್ನು ಅವರ ಕಡೆ ಸರಿಸಿದರು.

ಮಾಮಾ ಶುರು ಮಾಡಿದರು. ಮೊದಲ ನುಡಿ ಮುಗಿಯಿತು. ಮೇಳದವರು ತಿರುಗಿ ಹಾಡಿದರು. ಆಮೇಲೆ ಎಲ್ಲರೂ ನಿಂತುಬಿಟ್ಟರು. ಎರಡನೇ ನುಡಿಯನ್ನು ಎತ್ತುತ್ತಿದ್ದದ್ದು ಯಾವಾಗಲೂ ಅಪ್ಪ. ಇಷ್ಟು ವರ್ಷದ ರೂಢಿ, ಅವರು ಎತ್ತಲಿ ಅಂತ ಎಲ್ಲರೂ ಕಾದರು. ಅಪ್ಪ ಗೋಡೆಗೆ ಒರಗಿ ಕೂತೇ ಇದ್ದರು. ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಕೊನೆಗೆ ಹಿಂದೆ ನಿಂತಿದ್ದ ಒಬ್ಬ ಹುಡುಗ, ಹತ್ತನೇ ಕ್ಲಾಸು ಇರಬಹುದು, ತೀರಾ ಮೇಲಿನ ದನಿಯಲ್ಲಿ ಎತ್ತಿಕೊಂಡ. ಅವನ ಎಡಗೈ ಕಿವಿ ಮೇಲಿತ್ತು.

ಆವಾಗ ನನಗೆ ಅಳು ಬಂತು. ಮನೆ ತುಂಬಾ ಅಳು ಎದ್ದಿತು.

ಹಾಡು ಯಾವ ಹೊತ್ತಿನಲ್ಲಿ ಕಿವಿಗೆ ಬೀಳುತ್ತದೋ ಆ ಹೊತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ತೀರಿಕೊಂಡಾಗ ನಾನು ಎರಡನೇ ಕ್ಲಾಸು. ರೇಡಿಯೋದಲ್ಲಿ ಹಾಡು, ನಾಟಕ ಎಲ್ಲ ನಿಂತು ಬರೀ ಸಾರಂಗಿ ಬರುತ್ತಿತ್ತು. ಆಮೇಲೆ ಯಾವಾಗ ಸಾರಂಗಿ ಕೇಳಿದರೂ "ಯಾರ್ ಹೋದ್ರು?" ಅಂತ ಅವ್ವ ಕೇಳುತ್ತಿದ್ದಳು. ರಾಮ್ ನಾರಾಯಣ್ ಅಂಥವರು ಒಂದು ಜನ್ಮ ಕಳೆದು ಕಛೇರಿಗೆ ತಂದು ಕೂರಿಸಿದ ವಾದ್ಯ ಅದು. ನಮ್ಮ ಮನೆಯಲ್ಲಿ ಮಾತ್ರ ಸಾವಿನ ವಾದ್ಯ ಆಗಿಹೋಯಿತು. ಯಾಕೆಂದರೆ ನಾವು ಅದನ್ನು ಬೇರೆ ಹೊತ್ತಿನಲ್ಲಿ ಕೇಳಿದ್ದೇ ಇಲ್ಲ.

ಗಾಡಿಯ ಹಾಡಿಗೂ ಹೀಗೇ ಆಗಿದೆ. ಅದರಲ್ಲಿ ಅಪ್ಪ ಇಲ್ಲ, ಅಪ್ಪನ ಸಾವಷ್ಟೇ ಇದೆ. ರಿವಾಯತ್ ಪದ ಹಾಗಲ್ಲ. ಅದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಕಾಳು ತುಂಬಿಡುವ ಹಗೇವಿನ ಪಕ್ಕ ಕೂತು ಅಪ್ಪ ಕಲಿಸುತ್ತಿದ್ದದ್ದು, ಮೊಹರಂನ ಕತಲ್ ರಾತ್ರಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾಡಿದ್ದು, ಗಂಟಲು ಕಟ್ಟಿ ಮರುದಿನ ಸನ್ನೆಯಲ್ಲೇ ಚಹಾ ಕೇಳಿದ್ದು, ಎಲ್ಲಾ ಅದರಲ್ಲಿ ಇದೆ. ಸಾವಿನ ರಾತ್ರಿಯೂ ಇದೆ. ಆದರೆ ಅದೊಂದೇ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಸಾವಿನ ಮನೆಯ ಹಾಡನ್ನು ಗಾಡಿಯವರಿಗೋ ಮೈಕ್‌ಸೆಟ್ಟಿನವರಿಗೋ ಬಿಡಬೇಡಿ. ಹೋದವರಿಗೆ ಅದು ಕೇಳಿಸುತ್ತದೋ ಇಲ್ಲವೋ, ಉಳಿದವರು ಬದುಕಿರುವ ತನಕ ಕೇಳಬೇಕು. ಆ ಮನುಷ್ಯ ಬದುಕಿದ್ದಾಗ ಯಾವ ಹಾಡಿನಲ್ಲಿ ಇದ್ದರೋ ಅದನ್ನೇ ಹಾಡಿಸಿ. ದುಃಖದ ಹಾಡೇ ಆಗಬೇಕು ಅಂತ ಏನಿಲ್ಲ.

ಮತ್ತೆ, ಅವರು ಇರುವಾಗಲೇ ಕೇಳಿಟ್ಟುಕೊಳ್ಳಿ. ಹತ್ತರಿಂದ ಮೂವತ್ತರ ವಯಸ್ಸಿನೊಳಗೆ ಕಂಡಿದ್ದು ಕೇಳಿದ್ದು ಮುಪ್ಪಿನಲ್ಲೂ ಜಾಸ್ತಿ ಉಳಿಯುತ್ತದೆ ಅಂತ ನೆನಪಿನ ಬಗ್ಗೆ ಓದಿದವರು ಹೇಳುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ. ಕೊನೆಯ ತಿಂಗಳುಗಳಲ್ಲಿ ಅಪ್ಪನಿಗೆ ಮರೆವು ಬಂದಿತ್ತು. ನನ್ನನ್ನು ತಮ್ಮ ತಂಗಿ ಅಂತ ತಿಳಿದು ಮಾತಾಡಿಸುತ್ತಿದ್ದರು. ಆದರೆ ಪದದ ಒಂದು ಸಾಲು ಹೇಳಿದರೆ ಸಾಕು, ಮುಂದಿನ ಎಂಟು ನುಡಿ ತಪ್ಪಿಲ್ಲದೆ ಬರುತ್ತಿದ್ದವು. ಮೊಬೈಲು ನನ್ನ ಕೈಯಲ್ಲೇ ಇತ್ತು. ಒಂದು ದಿನವೂ ರೆಕಾರ್ಡ್ ಮಾಡಲಿಲ್ಲ. ಈ ಸಂಕಟ ನನಗೆ ಹೋಗುವುದಿಲ್ಲ.

ಅಪ್ಪನ ಪುಣ್ಯತಿಥಿ ಪ್ರತಿ ವರ್ಷ ಶ್ರಾವಣದಲ್ಲೇ ಬರುತ್ತದೆ. ಮೊಹರಂ ಹಾಗಲ್ಲ, ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತಾ ಹೋಗುತ್ತದೆ. ಹಾಗಾಗಿ ಅಪ್ಪನ ಪದ ಒಮ್ಮೆ ಬಿತ್ತುವಾಗ ಬರುತ್ತದೆ, ಇನ್ನು ಕೆಲವು ವರ್ಷ ಕಳೆದರೆ ಬಿರುಬೇಸಿಗೆಯಲ್ಲಿ, ಆಮೇಲೆ ಚಳಿಯಲ್ಲಿ. ನನಗೆ ಇದು ಇಷ್ಟ. ಅಪ್ಪ ವರ್ಷದ ಎಲ್ಲಾ ಕಾಲದಲ್ಲೂ ಒಂದು ಸುತ್ತು ಬಂದು ಹೋಗುತ್ತಾರೆ.

ಬಸ್ಸಿನ ಆ ದಿನ ಆದ ಮೇಲೆ ಊರಿಗೆ ಹೋಗಿದ್ದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಧೈರ್ಯ ಮಾಡಿ ಕೇಳಿದೆ, "ಯವ್ವಾ, ನಿನಗ ಯಾವ ಪದ ಹಾಡಿಸ್ಬೇಕು?"

"ಮೊದ್ಲ ಉಣ್ಣು ಹೋಗು" ಅಂದಳು. ನಾನು ಉಂಡು ಬಂದೆ. ಅವಳು ಮೊರದಿಂದ ಕಣ್ಣೆತ್ತದೆ ಹೇಳಿದಳು.

"ಸೋಬಾನ ಹಾಡ್ರಿ. ನಿಮ್ಮಪ್ಪ ಹೋದ ಮ್ಯಾಲ ಮದಿವ್ಯಾಗ ಸೋಬಾನ ಹಾಡಾಕ ನನ್ನ ಯಾರೂ ಕರ್ದಿಲ್ಲ. ಅವತ್ತರ ಹಾಡ್ರಿ."

ಅವಳಿಗೆ ಎಷ್ಟು ಸೋಬಾನ ಪದ ಬರುತ್ತವೆ ಅಂತ ನನಗೆ ಗೊತ್ತೇ ಇರಲಿಲ್ಲ. ಅವತ್ತು ರಾತ್ರಿ ನಾಲ್ಕು ರೆಕಾರ್ಡ್ ಮಾಡಿಕೊಂಡೆ. ಐದನೆಯದಕ್ಕೆ ಅವಳ ಗಂಟಲು ಕಟ್ಟಿತು. ಶುಕ್ರವಾರ ಮತ್ತೆ ಹೊರಟಿದ್ದೇನೆ.