ಮುಖ ರಾಜಂದು, ಮನೆ ನಿಮ್ದು

ಪ್ಯಾರಿಸ್‌ಗೆ ಹೋಗಿದ್ದಾಗ ಪ್ಲಾಸ್ ದೆ ವೋಜ್ ಅನ್ನೋ ಹಳೇ ಚೌಕ ನೋಡೋಣ ಅಂತ ಹೊರಟ ದಿನವೇ ಛತ್ರಿ ರೂಮಿನಲ್ಲಿ ಬಿಟ್ಟಿದ್ದೆ. ಚೌಕದ ನಡುವಿನ ಹುಲ್ಲಿನ ಮೇಲೆ ಕೂತು ಐದು ನಿಮಿಷ ಆಗಿಲ್ಲ, ಮಳೆ ಶುರುವಾಯ್ತು. ಎದ್ದುಬಿದ್ದು ಓಡಿ ಸುತ್ತಲ ಮನೆಗಳ ಕಮಾನಿನ ಕೆಳಗೆ ಸೇರಿಕೊಂಡೆ. ಮಳೆ ಬಿಡಲಿಲ್ಲ. ಸುಮ್ನೆ ನಿಲ್ಲೋದೇಕೆ ಅಂತ ಅಲ್ಲೇ ಸುತ್ತು ಹೊಡೆದೆ. ರಸ್ತೆ ದಾಟುವ ಕಡೆ ನಾಲ್ಕು ಹನಿ ಬಿದ್ದದ್ದು ಬಿಟ್ಟರೆ ತಲೆ ನೆನೆಯಲಿಲ್ಲ.

ಬದಿಗೆ ಸುಮಾರು 140 ಮೀಟರ್ ಇರುವ ಚೌಕ. ಸುತ್ತ 36 ಮನೆ. ಕೆಳಗೆ ಕಮಾನುಗಳ ಸಾಲು, ಮೇಲೆ ಎರಡು ಅಂತಸ್ತು, ಅದರ ಮೇಲೆ ಕಡಿದಾದ ನೀಲಿ ಕಲ್ಹಂಚಿನ ಮಾಡು. ಕೆಂಪು ಇಟ್ಟಿಗೆ, ಅಂಚಿಗೆ ಬಿಳಿ ಕಲ್ಲು. ಎಲ್ಲಾ ಒಂದೇ ಅಚ್ಚು. ಆದರೆ ಮಾಡು ಮಾತ್ರ ಒಂದೊಂದು ಮನೆಗೆ ಒಂದೊಂದು, ಪ್ರತ್ಯೇಕ. ಅದಕ್ಕೇ ಒಂದೇ ಉದ್ದನೆ ಬ್ಯಾರಕ್ ಥರ ಕಾಣಲ್ಲ, ಕೈಹಿಡಿದು ನಿಂತ ಅಕ್ಕಪಕ್ಕದ ಮನೆಗಳಂತೆ ಕಾಣುತ್ತದೆ.

ನೋಡಿದವರೆಲ್ಲ ಇದನ್ನು ಕಟ್ಟಿಸಿದ ರಾಜನ ಅಭಿರುಚಿ ಹೊಗಳುತ್ತಾರೆ. ನನಗೆ ಅವನ ಕರಾರೇ ಜಾಸ್ತಿ ಇಷ್ಟ. 1605ರಲ್ಲಿ ಫ್ರಾನ್ಸಿನ ರಾಜ ನಾಲ್ಕನೆಯ ಹೆನ್ರಿ ಇಲ್ಲಿನ ಸೈಟುಗಳನ್ನು ವರ್ಷಕ್ಕೆ ಒಂದು ಚಿನ್ನದ ನಾಣ್ಯದ ಲೆಕ್ಕದಲ್ಲಿ, ಅಂದರೆ ಹೆಚ್ಚುಕಮ್ಮಿ ಪುಕ್ಕಟೆ, ಕೊಟ್ಟ. ಷರತ್ತು ಏನಪ್ಪಾ ಅಂದರೆ, ಚೌಕದ ಕಡೆಯ ಮುಖ ಅವನು ಕೊಟ್ಟ ನಕ್ಷೆಯಂತೆಯೇ ಇರಬೇಕು. ಹಿಂದೆ ನಿಮಗೆ ಬೇಕಾದ ಹಾಗೆ ಕಟ್ಟಿಕೊಳ್ಳಿ. ಆದರೆ ಮುಂದಿನ ಕಮಾನಿನ ಕೆಳಗೆ ಜನ ಓಡಾಡೋಕೆ ಬಿಡಬೇಕು. ನಮ್ಮ ಹಳೇ ಮನೆಗಳ ಜಗಲಿ ನೆನಪಾಯಿತು. ದಾರಿಹೋಕರು ಕೂರಲಿ ಅಂತ ಮನೆಯವರು ಬಿಟ್ಟ ಜಾಗ ಅದು. ಈಗ ನಮ್ಮ ಬೀದಿಯಲ್ಲಿ ಎಲ್ಲಾ ಉಲ್ಟಾ. ಕಾರು ಹತ್ತಿಸೋ ಇಳಿಜಾರು ಫುಟ್‌ಪಾತ್ ಮೇಲೇ ಬಂದು ಕೂತಿದೆ. ನಮ್ಮನೆಯದೂ ಸೇರಿ, ಸುಳ್ಳು ಯಾಕೆ ಹೇಳಲಿ.

ಇನ್ನೊಂದು ತಮಾಷೆ. ಅಲ್ಲಿ ಇಟ್ಟಿಗೆ ಥರ ಕಾಣೋದೆಲ್ಲ ಇಟ್ಟಿಗೆಯಲ್ಲ! ಕೆಲವು ಮನೆಗಳ ಗೋಡೆ ಮರದ ಚೌಕಟ್ಟಿನದು. ಮೇಲೆ ಪ್ಲಾಸ್ಟರ್ ಮೆತ್ತಿ, ಕೆಂಪು ಬಳಿದು, ಬಿಳಿ ಗೆರೆ ಎಳೆದಿದ್ದಾರೆ. ಪ್ಲಾಸ್ಟರ್ ಅಂದರೆ ನಮ್ಮ ಪಿಒಪಿ ಗಣಪನ ಅದೇ ಪ್ಲಾಸ್ಟರ್ ಆಫ್ ಪ್ಯಾರಿಸ್. ಅದರ ಜಿಪ್ಸಮ್ ಅಲ್ಲೇ ಮೊಂಮಾರ್ತ್ರ್ ಗುಡ್ಡದಲ್ಲಿ ಬೇಕಾದಷ್ಟು ಸಿಗುತ್ತಿತ್ತು. ಮೋಸ ಅನ್ನಬಹುದು. ನನಗಂತೂ ಖುಷಿಯಾಯಿತು. ಷರತ್ತಿಗೆ ತಲೆಬಾಗಬೇಕು, ಜೇಬಿಗೂ ಹೊಂದಬೇಕು ಅಂತ ಒದ್ದಾಡಿದ ಯಾರೋ ಮನೆ ಯಜಮಾನ ಕಣ್ಣಮುಂದೆ ಬಂದ.

ಹಾಗಂತ ಹೆನ್ರಿಯನ್ನು ತಲೆಮೇಲೆ ಹೊತ್ತುಕೊಳ್ಳಬೇಕಿಲ್ಲ. ಅವನು ಶುರು ಮಾಡಿದ್ದು ಉತ್ತರದ ಬದಿಗೆ ರೇಷ್ಮೆ ಕಾರ್ಖಾನೆ ಇಟ್ಟುಕೊಂಡು. ಎರಡು ಮೂರು ವರ್ಷದಲ್ಲೇ ಕಾರ್ಖಾನೆ ಎದ್ದುಹೋಯಿತು, ಅಲ್ಲಿಗೂ ಅದೇ ಅಚ್ಚಿನ ಮನೆಗಳು ಬಂದವು. ನೇಕಾರರ ಜಾಗದಲ್ಲಿ ದೊಡ್ಡಮನುಷ್ಯರು. ಈ ಕಥೆ ನಮಗೇನೂ ಹೊಸದಲ್ಲ, ಅಲ್ವಾ? ಪೂರ್ತಿಯಾದದ್ದನ್ನು ನೋಡಲು ಹೆನ್ರಿಯೂ ಉಳಿಯಲಿಲ್ಲ. 1610ರಲ್ಲಿ ಅವನ ಕೊಲೆಯಾಯಿತು, ಚೌಕದ ಉದ್ಘಾಟನೆ ಆದದ್ದು 1612ರಲ್ಲಿ.

ಈಗಿನ ಹೆಸರಿನ ಕಥೆ ಇನ್ನೂ ಚೆನ್ನಾಗಿದೆ. ಫ್ರೆಂಚ್ ಕ್ರಾಂತಿಯಾದ ಮೇಲೆ ಎಲ್ಲರಿಗಿಂತ ಮೊದಲು ತೆರಿಗೆ ಕಟ್ಟಿದ್ದು ವೋಜ್ ಜಿಲ್ಲೆಯಂತೆ. ಅದಕ್ಕೆ 1800ರಲ್ಲಿ ಆ ಹೆಸರು ಇಟ್ಟರು. ನಮ್ಮಲ್ಲಿ ಏಪ್ರಿಲ್‌ನಲ್ಲಿ ಕಂದಾಯ ಕಟ್ಟಿದರೆ 5 ಪರ್ಸೆಂಟ್ ಬಿಡುತ್ತಾರೆ, ಅಷ್ಟೇ.

ಮಳೆ ನಿಂತ ಮೇಲೆ ಮತ್ತೆ ಹುಲ್ಲಿನ ಮೇಲೆ ಹೋಗಿ ಕೂತು, ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ಒಂದೊಂದೇ ಗೋಡೆ ನೋಡಿದೆ. ಯಾವುದು ನಿಜದ ಇಟ್ಟಿಗೆ, ಯಾವುದು ಬಳಿದದ್ದು? ಗೆರೆ ತೀರಾ ನೆಟ್ಟಗಿದ್ದರೆ ಅನುಮಾನ ಪಡಿ, ಅಂತ ನನ್ನದೇ ಒಂದು ಸೂತ್ರ ಮಾಡಿಕೊಂಡೆ. ಮೂರು ಮನೆ ಹಿಡಿದೆ ಅಂದುಕೊಂಡೆ. ಹೆಂಡತಿ ಹೇಳಿದಳು, "ಬಾರೋ, ಪ್ಯಾಂಟ್ ಪೂರ್ತಿ ಒದ್ದೆ."