ಹೊಸೂರು ಮೆಟ್ರೊಗೆ ಖಾಸಗಿ ದುಡ್ಡು ಬೇಕು, ಆದರೆ ಇಡೀ ಮಾರ್ಗ ಬರೆದುಕೊಡಬೇಡಿ

ಬೆಂಗಳೂರಿನ ಬೊಮ್ಮಸಂದ್ರದಿಂದ ಅತ್ತಿಬೆಲೆ ದಾಟಿ ತಮಿಳುನಾಡಿನ ಹೊಸೂರಿಗೆ ಸುಮಾರು 23 ಕಿ.ಮೀ. ಮೆಟ್ರೊ, 12 ನಿಲ್ದಾಣದ ಪ್ರಸ್ತಾಪವಿದೆ. ಕಿ.ಮೀ.ಗೆ 300 ಕೋಟಿ ಹಿಡಿದರೂ 6,900 ಕೋಟಿ. "ಸರ್ಕಾರದ ಹತ್ತಿರ ದುಡ್ಡಿಲ್ಲದಿದ್ದರೆ ಖಾಸಗಿಯವರಿಗೆ ಕೊಟ್ಟುಬಿಡಲಿ" ಅನ್ನುವವರು ಮೊದಲು ಹೈದರಾಬಾದನ್ನು ನೋಡಬೇಕು.

ಅಲ್ಲಿ 2008ರಲ್ಲಿ ಮೇಟಾಸ್ ಕಂಪನಿ ಸಹಾಯಧನ ಬೇಡ, ತಾನೇ ಸರ್ಕಾರಕ್ಕೆ 30,311 ಕೋಟಿ ಕೊಡುತ್ತೇನೆಂದು ಗುತ್ತಿಗೆ ಗೆದ್ದಿತು. ಮರುವರ್ಷ ಗುತ್ತಿಗೆ ರದ್ದು. ಆಮೇಲೆ ಬಂದ ಎಲ್ ಅಂಡ್ ಟಿ 69 ಕಿ.ಮೀ. ಕಟ್ಟಿ ಚೆನ್ನಾಗಿಯೇ ಓಡಿಸಿತು. ಆದರೂ ಟಿಕೆಟ್, ಮಾಲ್ ಬಾಡಿಗೆ, ಜಾಹೀರಾತು ಎಲ್ಲ ಸೇರಿ ಬಡ್ಡಿಯ ಭಾರ ಹೊರಲಿಲ್ಲ. 2025ರಲ್ಲಿ ಸುಮಾರು 13,000 ಕೋಟಿ ಸಾಲದ ಸಮೇತ ತೆಲಂಗಾಣ ಸರ್ಕಾರವೇ ವಹಿಸಿಕೊಳ್ಳಲು ಒಪ್ಪಿತು. ಟಿಕೆಟ್ ದುಡ್ಡಲ್ಲಿ ಓಡಿಸುವ ಖರ್ಚು ಹುಟ್ಟಿದರೇ ದೊಡ್ಡದು, ಕಟ್ಟಿದ ಸಾಲ ತೀರುವುದಿಲ್ಲ. ಅದಕ್ಕೇ ಚೆನ್ನೈ ಮೆಟ್ರೊ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದಿಂದ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ತಂದಿದ್ದು.

ಖಾಸಗಿ ಹಣಕ್ಕೆ ಬೇರೆ ದಾರಿ ಬೊಮ್ಮಸಂದ್ರದವರೆಗೆ ಬರುವ ಬೆಂಗಳೂರು ಮೆಟ್ರೊದ ಹಳದಿ ಮಾರ್ಗದಲ್ಲೇ ಇದೆ. ಕೋನಪ್ಪನ ಅಗ್ರಹಾರ ನಿಲ್ದಾಣಕ್ಕೆ ಇನ್ಫೋಸಿಸ್ ಫೌಂಡೇಶನ್ 200 ಕೋಟಿ, ಹೆಬ್ಬಗೋಡಿಗೆ ಬಯೋಕಾನ್ 65 ಕೋಟಿ ಒಪ್ಪಿಕೊಂಡವು. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶದ ದೊಡ್ಡ ಕಾರ್ಖಾನೆಗಳನ್ನು ಹೀಗೇ ಕೇಳಬಹುದು. ನಿಲ್ದಾಣಕ್ಕೆ ಸರಾಸರಿ 100 ಕೋಟಿ ಬಂದರೆ 1,200 ಕೋಟಿ, ಅಂದರೆ ಒಟ್ಟು ವೆಚ್ಚದ ಆರನೇ ಒಂದು ಪಾಲು. ಅದಕ್ಕಿಂತ ಹೆಚ್ಚಿಗೆ ಆಸೆಪಡುವುದು ಬೇಡ.

ಇನ್ನೊಂದು ದಾರಿ ಭೂಮಿ. ಮೆಟ್ರೊ ಸುದ್ದಿಗೇ ಸೈಟಿನ ರೇಟು ಏರುತ್ತದೆ, ಆ ಲಾಭವೆಲ್ಲ ಬಡಾವಣೆ ಮಾಡಿದವರ ಪಾಲು. ನಿಲ್ದಾಣದ 500 ಮೀಟರ್ ಒಳಗೆ ಹೆಚ್ಚುವರಿ ಎಫ್‌ಎಸ್‌ಐ (ಸೈಟಿನ ಅಳತೆಗೆ ತಕ್ಕಂತೆ ಎಷ್ಟು ಕಟ್ಟಬಹುದೆಂಬ ಮಿತಿ) ಬೇಕೆನ್ನುವವರಿಂದ ಶುಲ್ಕ ವಸೂಲಿ ಮಾಡಿ, ಅದನ್ನು ಮೆಟ್ರೊಗೇ ಮೀಸಲಾದ ಪ್ರತ್ಯೇಕ ಖಾತೆಗೆ ಹಾಕಬೇಕು. ಖಜಾನೆಗೆ ಹೋದರೆ ವಾಪಸ್ ಬರುವುದಿಲ್ಲ. ಕಾಮಗಾರಿ ಶುರುವಾದ ದಿನದಿಂದಲ್ಲ, ಯೋಜನೆ ಘೋಷಣೆಯಾದ ದಿನದಿಂದಲೇ ಈ ನಿಯಮ ಜಾರಿಯಲ್ಲಿರಬೇಕು.

ಇದಕ್ಕೂ ಮೊದಲು ಬಿಡಿಸಬೇಕಾದ ಗಂಟು ಕರೆಂಟಿನದು. ನಮ್ಮ ಮೆಟ್ರೊ ಹಳಿ ಪಕ್ಕದ ಮೂರನೇ ಹಳಿಯಿಂದ 750 ವೋಲ್ಟ್ ಡಿಸಿ ಎಳೆಯುತ್ತದೆ. ತಮಿಳುನಾಡಿನ ಪ್ರಸ್ತಾಪದಲ್ಲಿರುವುದು ಮೇಲಿನ ತಂತಿಯ 25,000 ವೋಲ್ಟ್ ಎಸಿ. ಹೀಗೇ ಬಿಟ್ಟರೆ ಒಂದೇ ರೈಲು ಎರಡೂ ಕಡೆ ಓಡದು, ಬೊಮ್ಮಸಂದ್ರದಲ್ಲಿ ಇಳಿದು ಹತ್ತಬೇಕು. ಶಿಫ್ಟಿಗೆ ಓಡುವ ಕಾರ್ಮಿಕ ಆಗ ನೇರ ಬಸ್ಸನ್ನೇ ಹಿಡಿಯುತ್ತಾನೆ. ಪ್ರಯಾಣಿಕರ ಸಂಖ್ಯೆಯೇ ಗೊತ್ತಿಲ್ಲದ ಮಾರ್ಗಕ್ಕೆ ಯಾವ ಹೂಡಿಕೆದಾರನೂ ಸುಮ್ಮನೆ ಬರುವುದಿಲ್ಲ, ಕನಿಷ್ಠ ಆದಾಯದ ಖಾತರಿ ಕೇಳುತ್ತಾನೆ. ಆ ಖಾತರಿ ತುಂಬುವವರು ತೆರಿಗೆ ಕಟ್ಟುವ ನಾವು.

ವಿದ್ಯುತ್ ವ್ಯವಸ್ಥೆ ಯಾವುದು, ಎರಡು ರಾಜ್ಯಗಳ ನಡುವೆ ಟಿಕೆಟ್ ಆದಾಯ ಹೇಗೆ ಹಂಚಿಕೆ, ಗಡಿಯಾಚೆ ರೈಲು ಕೆಟ್ಟರೆ ರಿಪೇರಿ ಯಾರದು: ಈ ಮೂರಕ್ಕೆ ಬೆಂಗಳೂರು ಮತ್ತು ಚೆನ್ನೈ ಮೆಟ್ರೊ ನಿಗಮಗಳು ಲಿಖಿತ ಒಪ್ಪಂದ ಮಾಡಿಕೊಳ್ಳಲಿ. ಹೊಸೂರಿನ ಜನಪ್ರತಿನಿಧಿಗಳು ಸದ್ಯಕ್ಕೆ ಕೇಳಬೇಕಾದ್ದು ಆ ಒಪ್ಪಂದವನ್ನು.